ಅವ್ವ ಮಾತಾಡದ ದಿನಗಳು

ಜೂನ್ 10, ಸೋಮವಾರ. ಬೆಳಿಗ್ಗೆ 9.40

ಇವತ್ತೂ ತಡ. ಜೀನ್ಸ್ ಶೆಡ್ಡಿನಾಗ ಎಲ್ಲಾರೂ ಹೊಲಿಯಾಕ ಕುಂತಿರ್ತಾರ, ನಾನಿನ್ನೂ ಹಾಸಿಗ್ಯಾಗ. ನನ್ನ ಗಂಡ ಸುಭಾಷ್ ಚಾ ಮುಚ್ಚಿಟ್ಟು ಕೆಲಸಕ್ಕ ಹೋಗ್ಯಾನ. ಗಡಬಡಿಸಿ ಎದ್ದೆ, ಕಣ್ಣಿಗೆ ಕತ್ತಲಿ ಬಂತು. ಮಾತ್ರಿಗೆ ಬಿ.ಪಿ. ಇಳೀತೈತಿ, ಮೊದಲು ಕುಂತು ಆಮ್ಯಾಲೆ ನಿಂದರ್ರಿ ಅಂತ ಡಾಕ್ಟರಮ್ಮ ಹೇಳಿದ್ರು. ಮರೀತೀನಿ.

ಕ್ವೆಟಯಪೀನ್ ಮಾತ್ರಿ ಶುರುವಾಗಿ ಐದು ವಾರ. ಅವ್ವ ಮಾತಾಡಿ ಹನ್ನೊಂದು ದಿನ.

ಅವ್ವ ಸತ್ತು ಎರಡು ವರ್ಷ. ಮಣ್ಣು ಮಾಡಿದ ಮೂರನೇ ದಿನಕ್ಕ ಕಿವ್ಯಾಗ ಬಂದ್ಲು. ಹೊಲಿಗಿ ತಪ್ಪಿದ್ರ "ಸರೂ, ಬಿಚ್ಚಿ ಹಾಕು" ಅಂತಿದ್ಲು. ಯಾರಿಗೂ ಹೇಳಿರಲಿಲ್ಲ. ಯುಗಾದಿ ಆದ ಮ್ಯಾಲೆ ಮಾತು ಬದಲಾತು — ಸುಭಾಷ್ ಅನ್ನದಾಗ ಏನೋ ಕಲಸ್ಯಾನ ಅಂದ್ಲು. ನಾಕು ದಿನ ಉಣ್ಣಲಿಲ್ಲ. ಆಗ ದವಾಖಾನಿ, ಈ ಮಾತ್ರಿ. ಅಲ್ಲಿ ಧ್ವನಿ ಕೇಳಸ್ತೈತಿ ಅಂತಷ್ಟೇ ಹೇಳಿದೆ, ಯಾರದಂತ ಹೇಳಲಿಲ್ಲ.

ಜೂನ್ 13

ತೂಕ ನಾಕು ಕೆ.ಜಿ. ಜಾಸ್ತಿ. ಡಾಕ್ಟರಮ್ಮ ಶುಗರ್ ಟೆಸ್ಟ್ ಬರದ್ರು. ಇಷ್ಟು ನಿದ್ದಿ ಯಾಕ್ರಿ ಅಂತ ಕೇಳಿದೆ.

"ನೆಗಡಿ ಮಾತ್ರಿಗೆ ಮಂಪರು ಬರ್ತೈತಲ್ರಿ, ಆ ಗುಣ ಇದರಾಗೂ ಐತಿ. ಅದು ಮೊದಲ ದಿನಾನೇ ಬರ್ತೈತಿ. ಮಿದುಳಿನಾಗ ಡೋಪಮಿನ್ ಗದ್ದಲ ತಗ್ಗಿಸೋದು ಬ್ಯಾರೆ ಕೆಲಸ, ಅದಕ್ಕ ವಾರಗಟ್ಲೆ ಬೇಕು. ರಾತ್ರಿ ಹತ್ತರ ಬದಲು ಎಂಟಕ್ಕ ನುಂಗ್ರಿ, ಮುಂಜಾನಿ ಹಗುರಾಗತೈತಿ." ಆಮ್ಯಾಲೆ ಕೇಳಿದ್ರು, "ಧ್ವನಿ ಕೇಳಸ್ತೈತೇನ್ರಿ?"

"ಇಲ್ರಿ."

"ಚಲೋ ಆತು."

ಚಲೋ...

ಜೂನ್ 15

ನಿನ್ನಿ ಮಾತ್ರಿ ನುಂಗಲಿಲ್ಲ. ಇವತ್ತೂ ಇಲ್ಲ. ಸುಭಾಷ್‌ಗೆ ನುಂಗಿದೆ ಅಂದೆ. ಅವ್ವ ಒಮ್ಮೆ "ಸರೂ" ಅಂದ್ರ ಸಾಕು.

ಜೂನ್ 19

ನಿದ್ದಿ ಇಲ್ಲ. ಅವ್ವಾನೂ ಇಲ್ಲ.

ಜೂನ್ 27

ಬಂದಿದ್ಲು. ಮೊನ್ನಿ ಮುಂಜಾನಿ "ಸರೂ" ಅಂದ್ಲು. ಒಲಿ ಮುಂದ ನಿಂತು ಒಬ್ಬಾಕಿನೇ ನಕ್ಕೆ. ಮಧ್ಯಾಹ್ನ "ತಾಟು ಮುಟ್ಟಬ್ಯಾಡ" ಅಂದ್ಲು. ಕೈ ಹಿಂದ ತಗೊಂಡೆ. ಸುಭಾಷ್‌ಗೆ ತಿಳೀತು. ಬೈಲಿಲ್ಲ. ನನ್ನ ತಾಟಿನಾಗಿಂದ ಒಂದು ತುತ್ತು ತಾನು ಉಂಡ, ತಾಟು ನನ್ನ ಕಡಿ ಸರಿಸಿದ.

ಅವ್ವ ಅಳಿಯಗ ಮೊದಲು ತುಪ್ಪ ಬಡಿಸಾಕಿ. ಇಂಥಾ ಮಾತು ಆಕಿದಲ್ಲ. ಧ್ವನಿ ಮಾತ್ರ ಆಕಿದು.

ಎಲ್ಲಾ ಹೇಳಿಬಿಟ್ಟೆ, ಎರಡು ವರ್ಷದ್ದೂ. ಮಾತ್ರಿ ಬಿಟ್ಟಿದ್ದೂ. ಸುಭಾಷ್ ಕೇಳಿದ: "ಏನೇನು ಅಂತಿದ್ಲು ಅತ್ತಿ?"

ಯಾರೂ ಹಿಂಗ ಕೇಳಿರಲಿಲ್ಲ.

ನಿನ್ನಿ ದವಾಖಾನಿಗೆ ಹೋದ್ವಿ. ನಡುವ ಬಿಟ್ಟಿದ್ದಕ್ಕ ಮತ್ತ ಕಡಿಮಿ ಡೋಸಿನಿಂದ ಶುರು.

ಜುಲೈ 28, ಭಾನುವಾರ. ಕುರುಗೋಡು

ಚಿಗವ್ವ ಮಾರೆಮ್ಮನ ಮನಿ. ಅವ್ವನ ತಂಗಿ. ಕಿವ್ಯಾಗ ಏನೂ ಇಲ್ಲ, ಹದಿನೈದು ದಿನ ಆತು. ಬಸ್ಸಿನಾಗ ಸುಭಾಷನ ಹೆಗಲ ಮ್ಯಾಲೆ ತೂಕಡಿಸಿದೆ.

ಚಿಗವ್ವ ಟ್ರಂಕಿನಾಗಿಂದ ಅವ್ವನ ಇಳಕಲ್ ಸೀರಿ ತಗದ್ಲು. "ಮಣ್ಣಿನ ದಿನ ನಿನ್ನ ಕಣ್ಣಾಗ ಒಂದು ಹನಿ ಬರಲಿಲ್ಲಲೇ ಸರೋಜಾ. ಮಂದಿ ಏನೇನೋ ಆಡಿಕೊಂಡ್ರು."

ಮುಂದಿನ ದಿನಗಳಾಗೂ ಅಳಲಿಲ್ಲ. ಅಳಾಕ ಅವ್ವ ಎಲ್ಲಿ ಹೋಗಿದ್ಲು? ಈಗ ಹೋಗ್ಯಾಳ.

"ಚಿಗವ್ವ, ಅವ್ವ ಸತ್ಲು" ಅಂದೆ. ಅಷ್ಟೇ ಅನ್ನಾಕಾತು. ಆಕಿ ಕುತ್ತಿಗಿಗೆ ಬಿದ್ದು ಅತ್ತೆ, ಸೀರಿ ತೊಯ್ಯೋತನಕ. ಹೊರಗ ಕಟ್ಟಿ ಮ್ಯಾಲೆ ಕುಂತಿದ್ದ ಸುಭಾಷ್ ಒಳಗ ಬರಲಿಲ್ಲ. ಚಲೋ ಮಾಡಿದ.

ಚಿಗವ್ವ ಈಗ ಅಕ್ಕಿ ಆರಿಸ್ಕೋತ ಹೇಳಾಕತ್ಯಾಳ. ಸಣ್ಣವರಿದ್ದಾಗ ಅಕ್ಕ ತಂಗಿ ಇಬ್ಬರೂ ರಾರಾವಿ ಊರಿನ ಹೊಳಿಗೆ ಬಟ್ಟಿ ಒಗಿಯಾಕ ಹೋಗಿದ್ರಂತ. ಹೊಸ ಲಂಗ ಕೈಜಾರಿ ತೇಲಿತಂತ. ಈ ಕತಿ ಅವ್ವ ನನಗ ಒಮ್ಮೆನೂ ಹೇಳಿರಲಿಲ್ಲ, ಬದುಕಿದ್ದಾಗೂ, ಆಮ್ಯಾಲೂ. ಬರೀತ ಕುಂತ್ರ ಕೇಳೋದು ತಪ್ಪತೈತಿ... ಅವ್ವ ಆ ಲಂಗದ ಹಿಂದ ನೀರಾಗ ಓಡಿ — ಸಾಕು, ಪೆನ್ನು ಇಡ್ತೀನಿ, ಕೇಳ್ತೀನಿ.