ಪುದೀನ ಬಂದರೆ ನಿಲ್ಲಬೇಕು

ಅಂಧರ ವಸತಿಮನೆಯ ಅಂಗಳದಿಂದ,
ಹನ್ನೆರಡನೇ ತಾರೀಕು, ಗುರುವಾರ ಬೆಳಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಸೊಂಟನೋವು ಕಡಿಮೆಯಾಯಿತೇ? ನನ್ನ ಮೊಮ್ಮಗಳು ನಿನಗೆ ನಿದ್ದೆ ಮಾಡಲು ಬಿಡುತ್ತಾಳೋ ಇಲ್ಲವೋ? ನಾಲ್ಕು ತಿಂಗಳಾಯಿತು, ಅಳಿಯಂದಿರು ಮಗುವನ್ನು ಎತ್ತಿಕೊಳ್ಳಲು ಕಲಿತರೋ, ಇನ್ನೂ ಗಾಜಿನ ಸಾಮಾನು ಹಿಡಿದ ಹಾಗೇ ಹಿಡಿಯುತ್ತಾರೋ? ನಿನ್ನಮ್ಮ ಚೆನ್ನಾಗಿದ್ದಾಳೆ, ನನ್ನನ್ನು ಬಯ್ಯುವುದಕ್ಕೆ ಏನೂ ಕಡಿಮೆಯಿಲ್ಲ. ನಾನೂ ಆರೋಗ್ಯ ಎಂದು ಬರೆಯಬೇಕು. ಬರೆದೆ ಅಂದುಕೋ.

ಅಪ್ಪ ಕಾಗದ ಬರೆದಿದ್ದಾನೆ ಅಂದರೆ ಏನೋ ಎಡವಟ್ಟಾಗಿದೆ ಎಂದು ನಿನಗೆ ಆಗಲೇ ಗೊತ್ತಾಗಿರುತ್ತದೆ. ನಿನ್ನೆ ಎರಡು ಸಲ ಫೋನ್ ಮಾಡಿದೆನಲ್ಲ, ಹೇಳಬೇಕೆಂದೇ ಮಾಡಿದ್ದು. ನೀನು "ಅಂಗಳ ಹೇಗಿದೆಯಪ್ಪಾ" ಎಂದು ಕೇಳಿದ ತಕ್ಷಣ ನನ್ನ ಬಾಯಿ "ಘಮ್ ಅಂತಿದೆ ಕಣಮ್ಮ" ಎಂದುಬಿಟ್ಟಿತು. ಈ ಬಾಯಿಯನ್ನು ನಂಬುವ ಹಾಗಿಲ್ಲ ಎಂದು ಪೆನ್ನು ಹಿಡಿದಿದ್ದೇನೆ. ನಿಮ್ಮೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ನಿನಗೆ ಸಿಗುತ್ತದೆ.

ಕಲ್ಲು ನೀನು ಬರೆದುಕೊಟ್ಟ ನಕ್ಷೆಯಂತೆಯೇ ಹಾಸಿದ್ದೇನೆ. ಬಾಗಿಲಿನಿಂದ ಇಪ್ಪತ್ತೆರಡು ಸಾಲು ಚಪ್ಪಡಿ, ನಡುವೆ ಎರಡು ಬೆರಳಿನಷ್ಟು ಸಂದು, ಕೊನೆಯಲ್ಲಿ ರಸ್ತೆಗೆ ಇಳಿಯುವ ಐದು ಮೆಟ್ಟಿಲು. ಮೂವತ್ತೈದು ವರ್ಷ ಸಂದು ಮುಚ್ಚಿ ಅನ್ನ ತಿಂದವನಿಗೆ ಸಂದು ಬಿಡಪ್ಪಾ ಎಂದವಳು ನೀನೊಬ್ಬಳೇ. ದಾರಿಯುದ್ದಕ್ಕೂ ಸಂದಿನಲ್ಲಿ ಓಮದ ಘಾಟಿನ ಥೈಮ್, ಮೆಟ್ಟಿಲಿಗೆ ಮುಂಚಿನ ಮೂರು ಸಾಲಿಗೆ ಮಾತ್ರ ನೆಲಕ್ಕಂಟಿ ಹರಡುವ ಪುಟ್ಟ ಪುದೀನ. ಕಾಲಡಿಯಲ್ಲಿ ಎಲೆ ಜಜ್ಜಿದರೆ ವಾಸನೆ ಏಳುತ್ತದೆ, ಪುದೀನ ಬಂದರೆ ನಿಲ್ಲಬೇಕು. ಇಲ್ಲಿನ ಹದಿನಾಲ್ಕು ಜನಕ್ಕೂ ನೀನೇ ಬಾಯಿಪಾಠ ಮಾಡಿಸಿ ಹೋಗಿದ್ದೆ. ಬರುವ ಸೋಮವಾರದಿಂದ ಅವರೆಲ್ಲ ಯಾರ ಕೈಯೂ ಹಿಡಿಯದೆ ಇಲ್ಲಿ ಓಡಾಡುತ್ತಾರೆ.

ನೀನು ಬೆಳೆಸಿ ಕಳಿಸಿದ ಸಸಿಗಳು ಆರು ವಾರದ ಹಿಂದೆ ಬಂದವು. ಒಂದೊಂದು ಟ್ರೇಯ ಮೇಲೂ ದಪ್ಪ ಅಕ್ಷರದಲ್ಲಿ ಹೆಸರು ಬರೆದಿದ್ದೆ, ತಪ್ಪು ನಿನ್ನದಲ್ಲ. ನಾನು ಕಲ್ಲಿನವನು. ಲಾರಿಯಿಂದ ಕಲ್ಲು ಇಳಿದರೆ ಎಲ್ಲವನ್ನೂ ನೆಲಕ್ಕೆ ಹರಡಿ, ದಪ್ಪ ಸಣ್ಣ ವಿಂಗಡಿಸಿ, ಆಮೇಲೆ ಹಾಸುವುದು ನನ್ನ ಕೈಗೆ ಕೂತುಬಿಟ್ಟ ರೂಢಿ. ಸಸಿಗಳಿಗೂ ಅದನ್ನೇ ಮಾಡಿದೆ. ಟ್ರೇಗಳನ್ನೆಲ್ಲ ಸುರಿದು, ಬೇರಿನ ಹೆಂಟೆ ದಪ್ಪ ಇದ್ದದ್ದು ಒಂದು ಗುಂಪು, ಸಣ್ಣ ಇದ್ದದ್ದು ಇನ್ನೊಂದು. ಸಂದಿಗೆ ಸರಿಯಾಗಿ ಕೂರಬೇಕಲ್ಲ! ಮುಗಿಸಿ ನೋಡಿದರೆ ಯಾವುದು ಯಾವುದೆಂದೇ ತಿಳಿಯಲಿಲ್ಲ. ಎರಡಕ್ಕೂ ಸಾಸಿವೆಯಷ್ಟೇ ಎಲೆ, ಎರಡೂ ಹಸಿರು. ಅಂದಾಜಿನ ಮೇಲೆ ನೆಟ್ಟುಬಿಟ್ಟೆ. ಹೌದಮ್ಮ, ಅಂದಾಜಿನ ಮೇಲೆ. ಬರೆಯಲು ನನಗೇ ನಾಚಿಕೆಯಾಗುತ್ತಿದೆ.

ಭಾನುವಾರ ಟೀಚರಮ್ಮ ಬಂದರು. ಗೊತ್ತಲ್ಲ, ಮೂರನೇ ಕೋಣೆಯವರು, ಮೊದಲು ಗಣಿತ ಕಲಿಸುತ್ತಿದ್ದವರು, ನಿನಗೂ ಹತ್ತೊಂಬತ್ತರ ಮಗ್ಗಿ ಕೇಳಿ ಪೇಚಿಗೆ ಸಿಕ್ಕಿಸಿದವರು. ಎಲ್ಲರಿಗಿಂತ ಮೊದಲು ತಾನೇ ನಡೆದು ನೋಡಬೇಕೆಂದು ಅವರಿಗೆ ಹಟ. ಬರಿಗಾಲಲ್ಲಿ ಹೊರಟರು. ಹತ್ತನೇ ಸಾಲಿಗೆ ಗಕ್ಕನೆ ನಿಂತು, "ಏನ್ ಮೇಸ್ತ್ರಿ, ಮೆಟ್ಟಿಲು ಇಷ್ಟು ಬೇಗ ಬಂತಾ?" ಎಂದರು. ನಾನು ನಕ್ಕು, ಇಲ್ಲ ಬನ್ನಿ ಬನ್ನಿ ಎಂದೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಅವರ ಕಾಲು ನಿಲ್ಲಲೇ ಇಲ್ಲ. ಕೊನೆಯ ಕಲ್ಲಿನ ಅಂಚು ದಾಟಿ ಬಲಗಾಲು ಗಾಳಿಗೆ ಇಟ್ಟರು. ತೋಳೋ ಶಾಲೋ, ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಅವರ ಮೊಣಕೈ ತರಚಿತು, ಅಷ್ಟೇ. ನನ್ನ ಜೀವ ಮಾತ್ರ ಇನ್ನೂ ಜಾಗಕ್ಕೆ ಬಂದಿಲ್ಲ.

ಅವರು ಬಯ್ಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಪ್ರಶ್ನೆ ಕೇಳಿದರು, ಅದನ್ನು ಆಮೇಲೆ ಬರೆಯುತ್ತೇನೆ. ಮಾರನೇ ದಿನದಿಂದ ಇಬ್ಬರೂ ಸೇರಿ ಸರಿಮಾಡುತ್ತಿದ್ದೇವೆ. ನಾನು ಒಂದೊಂದು ಗಿಡದ ಎಲೆ ಚಿವುಟಿ ಕೊಡುವುದು, ಅವರು ಕುರ್ಚಿಯಲ್ಲಿ ಕೂತು ಮೂಸಿ ಹೆಸರು ಹೇಳುವುದು, ತಪ್ಪಿದ್ದರೆ ನಾನು ಮಣ್ಣಿನ ಸಮೇತ ಎತ್ತಿ ಜಾಗ ಬದಲಿಸುವುದು. ಹದಿನೇಳು ಸಾಲು ಮುಗಿಯಿತು. ನಿನ್ನೆ ಸಂಜೆ ಅವರಿಗೆ ನೆಗಡಿ ಹಿಡಿಯಿತು. ಮೂಗು ಕಟ್ಟಿ, ಪಕ್ಕದಲ್ಲಿ ಕಾಫಿ ಇಟ್ಟರೂ ತಿಳಿಯುತ್ತಿಲ್ಲವಂತೆ. ಉಳಿದಿರುವುದು ಐದೇ ಸಾಲು, ಆದರೆ ಮೆಟ್ಟಿಲ ಮುಂದಿನವು ಅವೇ. ನಿನಗೆ ಮೂಗಿಲ್ಲವೇನಪ್ಪಾ ಎಂದು ನೀನು ಕೇಳುತ್ತೀಯ. ತಡಿ.

ಮೇಲ್ವಿಚಾರಕರಿಗೆ ಇನ್ನೂ ಏನೂ ಹೇಳಿಲ್ಲ. ಕೆಲಸ ನಿನ್ನ ಹೆಸರಿನಲ್ಲಿದೆ, ಅವರಿಗಿಂತ ಮೊದಲು ನಿನಗೆ ತಿಳಿಯಬೇಕು ಅನ್ನಿಸಿತು. ಟೀಚರಮ್ಮ ಶನಿವಾರದವರೆಗೆ ಗಡುವು ಕೊಟ್ಟಿದ್ದಾರೆ, ಆಮೇಲೆ ತಾವೇ ಹೇಳುತ್ತಾರಂತೆ. ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಗಾರೆ ಇನ್ನೂ ಹಸಿಯಿದೆ ಎಂದು ಎಲ್ಲರನ್ನೂ ತಡೆದಿದ್ದೇನೆ. ಅದೂ ಒಂದು ಸುಳ್ಳು.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಮಗುವಿನ ಎರಡೂ ಅಂಗಾಲಿಗೆ ನನ್ನ ಮುತ್ತು. ನಿನ್ನ ಕಾಲು ಎಲ್ಲೂ ತಪ್ಪದಿರಲಿ ತಾಯಿ.

ನಿನ್ನ
ಅಪ್ಪ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಕಂಡಕ್ಟರ್ ಅವಸರ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ವರ್ಷ ಜ್ವರ ಬಂದಿತ್ತಲ್ಲ, ಅವತ್ತಿನಿಂದ ನನಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ನಿನ್ನಮ್ಮನಿಗೂ ಹೇಳಿಲ್ಲ. ಟೀಚರಮ್ಮ ಕೇಳಿದ್ದು ಇದನ್ನೇ: "ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀರಿ ಮೇಸ್ತ್ರಿ? ನಾನು ನನ್ನ ಕಣ್ಣಿನ ವಿಷಯ ಎರಡು ವರ್ಷ ಮುಚ್ಚಿಟ್ಟಿದ್ದೆ." ನೀನು ಮಗುವನ್ನು ನನ್ನ ಮಡಿಲಿಗೆ ಹಾಕಿ, ನೆತ್ತಿ ಮೂಸಿ ನೋಡಪ್ಪಾ ಎಂದೆಯಲ್ಲ, ನಾನು ಆಹಾ ಎಂದೆನಲ್ಲ, ಅದು ಸುಳ್ಳು ಕಣಮ್ಮ. ನಾಳೆ ಬೆಳಗಿನ ಬಸ್ಸಿಗೆ ಅವಳನ್ನೂ ಎತ್ತಿಕೊಂಡು ಬಾ. ಐದು ಸಾಲು ಮೂಸಿ ಹೇಳು, ಆಮೇಲೆ ಅವಳ ನೆತ್ತಿಯ ವಾಸನೆ ಹೇಗಿದೆ ಎಂದು ನನಗೆ ನಿಧಾನವಾಗಿ ಬಿಡಿಸಿ ಹೇಳು. ಹಗ್ಗದ ಮೇಲೆ ನನಗೆ ನಂಬಿಕೆಯಿಲ್ಲ. ನೀನು ಬರುವವರೆಗೆ ಇಪ್ಪತ್ತೆರಡನೇ ಕಲ್ಲಿನ ಮೇಲೆ ನಾನೇ ಕೂತಿರುತ್ತೇನೆ, ಯಾರಾದರೂ ಬಂದರೆ ಅವರ ಕಾಲಿಗೆ ಮೊದಲು ನಾನು ಸಿಗಲಿ.