ಲಿಂಬಾನಿ ಅಳಿಸಿದ ಹೆಸರುಗಳು

ಬ್ಲಾಂಟೈರ್, ಶನಿವಾರ ಸಂಜೆ

ಅಕ್ಕಾ,

ಸುಖವಾಗಿ ಬಂದು ಸೇರಿದೆ, ತಲೆ ಮಾತ್ರ ಕೆಟ್ಟುಹೋಗಿದೆ. ಡೇಟಾಬೇಸ್ ನೋಡಿಕೊಳ್ಳುವವರೆಲ್ಲ ವರ್ಷಕ್ಕೊಮ್ಮೆ ಸೇರುತ್ತೇವಲ್ಲ, ಈ ಸಲ ಅದರ ಮುಂದಾಳು ನನ್ನ ಗೆಳೆಯ ಲಿಂಬಾನಿ. ಬೇಡದ ಮಾಹಿತಿಯನ್ನು ಜೋಪಾನವಾಗಿ ಅಳಿಸುವುದು ಹೇಗೆಂದು ವೇದಿಕೆಯ ಮೇಲೆ ತೋರಿಸಲು ಹೊರಟವನು ನಮ್ಮೆಲ್ಲರ ನೋಂದಣಿಯನ್ನೇ ಅಳಿಸಿಬಿಟ್ಟ! ಊಟದ ಮನೆಯ ಬಾಗಿಲಲ್ಲಿ ಹೆಸರು ನೋಡಿ ಒಳಗೆ ಬಿಡುವ ಯಂತ್ರ ಯಾರು ಬಂದರೂ ‘ಇಂಥವರು ಇಲ್ಲ’ ಎನ್ನತೊಡಗಿತು.

“ಬ್ಯಾಕಪ್ ಎಲ್ಲೋ ಮಾರಾಯಾ?” ಎಂದು ಬೇರೆಡೆ ತೆಗೆದಿಟ್ಟ ನಕಲು ಕೇಳಿದೆ.

“ಅದರ ಬಗ್ಗೆ ನಾಳೆ ಮಾತಾಡೋನಿದ್ದೆ ಕಣೇ,” ಎಂದ.

ಸಭೆ ತುಂಬ ಪಂಡಿತರು, ಒಬ್ಬೊಬ್ಬರದೂ ಒಂದೊಂದು ಉಪಾಯ. ಮೀನು ತಣ್ಣಗಾದ ಮೇಲೆ ಅಡುಗೆಯವರೇ ಬೇಸತ್ತು ಎಲ್ಲರನ್ನೂ ಒಳಗೆ ಬಿಟ್ಟರು. ಆಮೇಲೆ ನನ್ನ ಭಾಷಣ. ಒಂದೂ ತಪ್ಪಿಲ್ಲದೆ ಮುಗಿಸಿದೆ, ಮುಂದಿನ ಸಾಲಿನವರು ಗೊರಕೆ ಹೊಡೆದರು. ಅತ್ಯುತ್ತಮ ಭಾಷಣದ ಬಹುಮಾನ ಯಾರಿಗೆ ಗೊತ್ತೇನು? ಲಿಂಬಾನಿಗೆ!

“ಇವತ್ತು ನೋಡಿದೋರು ಯಾರೂ ಜನ್ಮದಲ್ಲಿ ಬ್ಯಾಕಪ್ ಮರೆಯಲ್ಲ ಬಿಡಿ,” ಎಂದು ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು.

ಉರಿದುಕೊಂಡೇ ಹೊರಗೆ ಬಂದೆ. ಆದರೂ ಮನಸ್ಸು ತಡೆಯದೆ ನಮ್ಮ ಆಸ್ಪತ್ರೆಯ ಆಫೀಸಿಗೆ ಫೋನ್ ಮಾಡಿ, ರೋಗಿಗಳ ವಿವರದ ಬ್ಯಾಕಪ್ ಸರಿಯಿದೆಯೇ ಎಂದು ಕೇಳಿದೆ. ಈಸ್ಟರ್ ಆದಮೇಲೆ ತೆಗೆದೇ ಇಲ್ಲವಂತೆ! ಅದನ್ನು ನೋಡಿಕೊಳ್ಳಬೇಕಾದ ನಾನೇ ಇಲ್ಲಿ ಲಿಂಬಾನಿಯನ್ನು ಬೈಯುತ್ತಾ ಕೂತಿದ್ದೇನೆ.

ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಮತ್ತೇನೂ ತೊಂದರೆಯಿಲ್ಲ. ವಾಪಸು ಬರುವಾಗ ಸರೋವರ ನೋಡಿಕೊಂಡು ಬರುವ ಆಸೆ ಬಿಟ್ಟು ಬೆಳಗಿನ ಬಸ್ಸಿಗೇ ಹೊರಡುತ್ತೇನೆ. ಈ ಕಾರ್ಡು ನಿನ್ನ ಕೈ ಸೇರುವಾಗ ನಾನು ನಮ್ಮೂರು ಎಂಬೆಯಾದಲ್ಲೇ, ಆಫೀಸಿನಲ್ಲಿ ಬ್ಯಾಕಪ್ ತೆಗೆಯುತ್ತಾ ಕೂತಿರುತ್ತೇನೆ. ಮನೆಯಲ್ಲಿ ಕಾಯಬೇಡ.

ನಿನ್ನ ತಂಗಿ
ಸಿಕುಜುವಾ