ನನ್ನ ಬೀಕನ್ ತೋರಿಸಿದ ದಾರಿ

ಫೇರ್‌ಫ್ಯಾಕ್ಸ್
ಮಾರ್ಚ್ 9, 2024

ಯಶವಂತ್ ಅವರಿಗೆ,

ಜನವರಿಯಲ್ಲಿ ಕೊಲೊರಾಡೊದ ಬೆಟ್ಟದಲ್ಲಿ ನಾವು ಮೂವರೂ ಸ್ಕೀ ಮಾಡುತ್ತಿದ್ದಾಗ ಹಿಮ ಕುಸಿದು ನನ್ನ ಗಂಡ ಅಮೃತ್ ಹೂತುಹೋದರು. ಮೂವರ ಎದೆಯ ಮೇಲೂ ಸಿಗ್ನಲ್ ಕಳಿಸುವ ಬೀಕನ್ ಇತ್ತು. ಯಾರಾದರೂ ಹೂತುಹೋದರೆ ಉಳಿದವರು ತಮ್ಮದು ಸಿಗ್ನಲ್ ಕಳಿಸುವುದನ್ನು ನಿಲ್ಲಿಸಿ ಹೂತವರ ಸಿಗ್ನಲ್ ಹುಡುಕುವಂತೆ ತಕ್ಷಣ ಸರ್ಚ್‌ಗೆ ಹಾಕಬೇಕೆಂದು ನಮಗೆ ಕಲಿಸಿದವರೇ ನೀವು. ನಾನು ಹಾಕಿದೆ. ಅದರ ಬಾಣದ ಗುರುತು ಹಿಡಿದು ಓಡಿದರೆ ನಿಮ್ಮ ಕಾಲಬುಡಕ್ಕೆ ಬಂದು ನಿಂತಿದ್ದೆ. ನಿಮ್ಮ ಬೀಕನ್ ಇನ್ನೂ ಸಿಗ್ನಲ್ ಕಳಿಸುತ್ತಿತ್ತು. ನೀವು ಫೋನಿನಲ್ಲಿ ವೀಡಿಯೊ ತೆಗೆಯುತ್ತಿದ್ದಿರಿ.

"ಸಾರಿ ಶೈಲಜಾ, ಸ್ವಿಚ್ ಮಾಡೋದೇ ಮರೆತ್ಬಿಟ್ಟೆ" ಎಂದಿರಿ.

ಅದರಲ್ಲೇ ಆರು ನಿಮಿಷ ಕಳೆದಿತ್ತು. ಅಗೆದು ತೆಗೆದಾಗ ಅಮೃತ್ ಅವರ ಮುಖ ನೀಲಿಯಾಗಿತ್ತು.

ಮುಂದಿನ ಶನಿವಾರ ಇಲ್ಲಿಗೆ ಹತ್ತಿರದ ಆಲ್ಡಿ ಊರಿನಲ್ಲಿ ನೀವು ಹಿಮಕುಸಿತದಿಂದ ಪಾರಾಗುವುದು ಹೇಗೆಂದು ತರಗತಿ ನಡೆಸುತ್ತೀರಂತೆ. ಅದರ ಜಾಹೀರಾತಿಗೆ ಆ ವೀಡಿಯೊವನ್ನೇ ಹಾಕಿದ್ದೀರಿ. ನೋಡಿ ಹೇಸಿಗೆಯಾಯಿತು. ಇಂದೇ ಅದನ್ನು ತೆಗೆಯಿರಿ, ತರಗತಿಯನ್ನೂ ನಿಲ್ಲಿಸಿ. ಇಲ್ಲವಾದರೆ ಅಮೃತ್ ಅವರನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸುತ್ತೇನೆ. ನಡೆದದ್ದನ್ನು ಅವರೇ ಹೇಳಲಿ. ಈಗ ಒಂದು ವಾಕ್ಯ ಮುಗಿಸಲು ಅವರಿಗೆ ಬಹಳ ಹೊತ್ತು ಬೇಕು. ಅವರು ಮುಗಿಸುವವರೆಗೂ ನೀವು ಎಲ್ಲರೆದುರು ನಿಂತು ಕೇಳಬೇಕಾಗುತ್ತದೆ.

ಶೈಲಜಾ